ಷರಾ

ಕೀಮನ್ ಡೈರಿಯಲ್ಲಿ ಐದು ಕಲಮು:
ತಾರೀಖು, ಹೊತ್ತು, ಕಿಲೋಮೀಟರು, ಕೆಲಸ,
ಕೊನೆಗೆ ಷರಾ.
ಹದಿನೇಳು ವರ್ಷ ನಾನದರಲ್ಲಿ ಬರೆದದ್ದು
ಇಲ್ಲ, ಇಲ್ಲ, ಇಲ್ಲ.

ಏಪ್ರಿಲ್ ಒಂಬತ್ತು. ಹಾರವಾಡದ ಆಚೆ ತಿರುವಿನಲ್ಲಿ
ಸುತ್ತಿಗೆ ಎತ್ತಿದವ ಎತ್ತಿದ ಹಾಗೇ ನಿಂತೆ.
ಎರಡು ಸ್ಲೀಪರಿನ ನಡುವೆ, ಜಲ್ಲಿಯ ಮೇಲೆ
ಜಲ್ಲಿಯಂಥದೇ ಒಂದು ಮೊಟ್ಟೆ.
ಕಡ್ಡಿಯಿಲ್ಲ, ನಾರಿಲ್ಲ, ಒಂದು ಹುಲ್ಲೆಸಳೂ ಇಲ್ಲ.
ಹರಳು ಸರಿಸಿ, ಎದೆ ಒತ್ತಿ ಮಾಡಿದ
ಬೊಗಸೆಯಷ್ಟು ಕುಳಿ.

ಹದಿನಾಲ್ಕಕ್ಕೆ ನಾಲ್ಕಾದವು.
ಚೂಪು ತುದಿ ನಾಲ್ಕೂ ಒಳಮುಖ,
ಒಂದೇ ತಟ್ಟೆಗೆ ಕೂತ ಮಕ್ಕಳ ಮೊಣಕಾಲಿನ ಹಾಗೆ.

ಟಿಟ್ಟಿಭ. ಕೊಂಕಣಿಯ ಗೆಳೆಯರಿಗೆ ಟಿಟವಿ.
ಕಣ್ಣ ಮುಂದೆ ಕೆಂಪು ತೊಗಲು, ಕಾಲು ಹಳದಿ.
ಕಾವಿಗೆ ಕೂತದ್ದು ಗಂಡೊ ಹೆಣ್ಣೊ ಇವತ್ತಿಗೂ ತಿಳಿಯದು,
ಪಾಳಿ ಬದಲಾಗುವುದು ಮಾತ್ರ ನಮ್ಮ ಗ್ಯಾಂಗಿನಂತೆ, ಮಾತಿಲ್ಲದೆ:
ಒಂದು ಎದ್ದು ತಲೆ ತಗ್ಗಿಸಿ ಓಡುತ್ತದೆ,
ಇನ್ನೊಂದು ಬಂದು, ಕಾಲು ಮಡಿಸಿ,
ಹೊರಳಿದ ಮೊಟ್ಟೆಯನ್ನು ಕೊಕ್ಕಿನಿಂದ ಒಳಗೆಳೆದು ಕೂರುತ್ತದೆ.

ರೈಲು ಬಂದರೆ ಏಳುತ್ತದೆಂದು ತಿಳಿದಿದ್ದೆ.
ಏಳಲಿಲ್ಲ. ಕುತ್ತಿಗೆ ಒಳಗೆಳೆದು ಜಲ್ಲಿಯಾಯಿತು.
ಮೇಲೆ ಇಪ್ಪತ್ತೆರಡು ಡಬ್ಬಿ ಗುಡುಗಿ ಹೋದವು,
ಒಂದು ಗರಿ ಅಲ್ಲಾಡಿತು, ಅದೂ ಗಾಳಿಗೆ.
ನಾನು ಹತ್ತಿರ ಹೋದರೆ ಮಾತ್ರ ಎದ್ದು
ಮೂವತ್ತು ಹೆಜ್ಜೆ ಆಚೆ, ಮೊಟ್ಟೆಯೇ ಇಲ್ಲದ ಕಡೆ
ಕಾವಿಗೆ ಕೂತಂತೆ ನಟಿಸುತ್ತದೆ.
ರೈಲಿಗೆ ಕೈಯಿಲ್ಲವೆಂದು ಅದಕ್ಕೆ ಗೊತ್ತು.

ಆಕಾಶ ಬಿದ್ದೀತೆಂದು ಈ ಹಕ್ಕಿ
ಕಾಲು ಮೇಲೆತ್ತಿ ಮಲಗುತ್ತದಂತೆ. ನಮ್ಮ ಸುಕ್ರಜ್ಜಿಯ ಮಾತು.
ರಾತ್ರಿ ಗಸ್ತಿನಲ್ಲಿ ಟಾರ್ಚಿಗೆ ಬೆರಳು ಅಡ್ಡ ಹಿಡಿದು ನೋಡಿದೆ, ಮೂರು ಸಲ.
ಕಾಲು ಅಡಿಯಲ್ಲೇ ಇತ್ತು.
ಮಲಗಿರಲೂ ಇಲ್ಲ.

ಮೇ ಎರಡು. ಹಳಿ ಮುಟ್ಟಿದರೆ ಬೊಬ್ಬೆ.
ಹಕ್ಕಿ ಗಜನಿಯ ನೀರಿನಲ್ಲಿ ಹೊಟ್ಟೆ ಅದ್ದಿ ಬಂದು
ತೊಯ್ದ ಗರಿಯನ್ನು ಮೊಟ್ಟೆಗಳ ಮೇಲೆ ಹರವಿತು.
ಒಂದು ತಾಸಿನಲ್ಲಿ ಏಳು ಸಲ. ಎಣಿಸಿದೆ.
ನನ್ನ ಬಾಟಲಿಯ ನೀರು ಅಷ್ಟರಲ್ಲಿ ಚಹಾಕ್ಕೆ ಆಗುವಂತಿತ್ತು.

ಮೇ ಹನ್ನೆರಡು. ಮೂರು ಒಡೆದಿವೆ, ಒಂದು ತಣ್ಣಗಿದೆ.
ಮರಿಗಳಿಗೆ ಹುಟ್ಟುವಾಗಲೇ ಕಾಲು, ಮೈಗಿಂತ ಉದ್ದ.
ಹಳಿಯ ಹೊರಗಿನಿಂದ ದೊಡ್ಡವು ಕೂಗುತ್ತವೆ, ಟಿಟ್ಟಿಟ್ಯೂ ಟಿಟ್,
ಇವು ಓಡುತ್ತವೆ, ಉಕ್ಕಿಗೆ ಎದೆ ಬಡಿದು ನಿಲ್ಲುತ್ತವೆ.
ಗೇಣಿಗೂ ಕಡಿಮೆ ಎತ್ತರ.
ಉದ್ದ ಮಾತ್ರ ಗೋವೆಯಿಂದ ಮಂಗಳೂರಿಗೆ.
ಕರೆಂಟು ಕಂಬದ ಮೇಲೆ ಕಾಗೆಯೊಂದು ಕೂತು
ಆತುರವಿಲ್ಲದೆ ಕೊಕ್ಕು ಒರೆಸಿಕೊಂಡಿತು.

ಎತ್ತಿ ಆಚೆ ಇಡೋಣವೆಂದು ಬಗ್ಗಿದೆ.
ಮೂರೂ ಮಾಯ!
ಕಣ್ಣೆದುರೇ ಮೂರು ಕಲ್ಲು ಹೆಚ್ಚಾದವು,
ಕಾಲು ಎತ್ತಲು ಹೆದರಿಕೆ, ಇಡಲು ಹೆದರಿಕೆ.

ಗಾಡಿಗೆ ಹದಿನಾರು ನಿಮಿಷ.
ಯಾವ ಸಂದಿಯನ್ನು ತುಂಬಿ ಬಿಗಿ ಮಾಡಲೆಂದು
ತಿಂಗಳು ತಿಂಗಳು ಸಂಬಳ ಎಣಿಸಿದೆನೊ
ಅದೇ ಸಂದಿಯ ಜಲ್ಲಿಯನ್ನು ಬರಿಗೈಯಲ್ಲಿ ಬಗೆದೆ,
ಹಳಿಯ ಅಡಿಗೆ ಒಂದು ಇಲಿಬಿಲದಷ್ಟು ದಾರಿ, ಕಡಲ ಕಡೆಗೆ.
ದೂರ ಹೋಗಿ ಮೋರಿಯ ಕಟ್ಟೆಗೆ ಬೆನ್ನು ಹಾಕಿ ಕೂತೆ,
ನೋಡದವನ ಹಾಗೆ ನೋಡುತ್ತ.

ಕಲ್ಲೊಂದಕ್ಕೆ ಕಾಲು ಬಂತು. ಹೋಯಿತು.
ಎರಡನೆಯದು ಒಳಹೊಕ್ಕು ಅಲ್ಲೇ ನಿಂತಿತು,
ನೆರಳು ತಂಪೆನಿಸಿರಬೇಕು.
ಮೂರನೆಯದು ಗುಡ್ಡದ ಕಡೆಗೇ ಓಡಿತು, ಮತ್ತೆ ಮತ್ತೆ,
ಆಗ ಹಕ್ಕಿ ಹಳಿ ಹಾರಿ ಬಂದು
ಈವರೆಗೆ ನಾನು ಕೇಳದ ದನಿಯಲ್ಲಿ,
ಗಂಟಲಲ್ಲೇ, ಏನೋ ಅಂದಿತು.

ಜಲ್ಲಿ ತುಂಬಿ, ಒದ್ದು ಬಿಗಿ ಮಾಡಿ
ಹಸಿರು ಬಾವುಟ ಹಿಡಿದು ನಿಂತೆ.
ಬೆರಳ ರಕ್ತ ಬಟ್ಟೆಗೆ ಹತ್ತಿತ್ತು,
ಡ್ರೈವರನಿಗೆ ಅಷ್ಟು ಕೆಂಪು ಕಾಣುವುದಿಲ್ಲ.

ಕೆಲಸ: ಜಲ್ಲಿ ತೆಗೆದು ಮತ್ತೆ ತುಂಬಿದೆ.
ಷರಾ: ಮೂರು ಹೊರಬಿದ್ದಿವೆ. ಒಂದು ಅಲ್ಲೇ ಇದೆ.

ತಿಂಗಳ ಕೊನೆಗೆ ಸಾಹೇಬರು ಅದರ ಮೇಲೆ ಬೆರಳಿಟ್ಟರು:
‘ಎಂತದು ಹಮ್ಮಣ್ಣ, ಬೋಲ್ಟಾ?’
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
‘ಹುಡುಕಿಸು’ ಎಂದು ಸಹಿ ಮಾಡಿದರು.

ಹುಡುಕುತ್ತಿದ್ದೇನೆ, ದಿನಾ,
ಗಜನಿಯ ಕಡೆಗೆ ಕಣ್ಣು ಕಿರಿದು ಮಾಡಿ.